ಕಂಟಕ ಹೊತ್ತ ಕೊರಡು ಮೀನು

ಕಾಗದನಗರದ ಒಂದು ಮನೆಗೆ, ನಾನೇ ಮಾರಿದ ಮೀನಿನ ತೊಟ್ಟಿ ತೊಳೆಯಲು ಹೋದಾಗ ಹಿತ್ತಲಿನಲ್ಲಿ ಗುಂಡಿ ಸಿದ್ಧವಾಗಿತ್ತು.

"ಬೆಳಿಗ್ಗೆ ಮೀನು ಹೋಗ್ಬಿಡ್ತು ಮಾರಾಯ," ಎಂದರು ಮನೆಯೊಡತಿ, ಸಂತೋಷದಿಂದಲೇ ಎಂಬಂತೆ. "ಶಿವಮೊಗ್ಗದಲ್ಲಿ ಮಗನಿಗೆ ಈಗ ಆಪರೇಷನ್ ನಡೀತಿದೆ. ಅವನ ಕಂಟಕ ಇದೇ ತನ್ನ ಮೇಲೆ ತಗೊಂಡು ಹೋಯ್ತು."

ದಕ್ಷಿಣ ಅಮೆರಿಕದ ಆ ಕೊರಡು ಮೀನು ಮರದ ತುಂಡಿನ ಸಂದಿಯಲ್ಲಿ ಓರೆಯಾಗಿ ಬಿದ್ದಿತ್ತು. ಹಗಲೆಲ್ಲ ಹೀಗೆ ನಿಶ್ಚಲವಾಗಿರುವುದೇ ಅದರ ಸ್ವಭಾವ. ಆಕೆ ಇಕ್ಕಳ ಹಾಕಿ ಎಳೆಯತೊಡಗಿದಾಗ ತಡೆಯಲು ಕೈಚಾಚಿದೆ. ಈಜುರೆಕ್ಕೆಯ ಮುಳ್ಳುಗಳನ್ನು ಸಂದಿಗೆ ಬಿಗಿದುಕೊಳ್ಳುವ ಮೀನದು. ಬಲವಂತವಾಗಿ ಎಳೆದರೆ ಮೈ ಹರಿಯುತ್ತದೆ.

"ಬಿಡಿ ಆಂಟಿ, ಅದು ಬದುಕಿದೆ. ಕಿವಿರು ನೋಡಿ."

ಕಿವಿರು ಅಲುಗಿತು. ಇಕ್ಕಳ ಅವರ ಕೈಯಿಂದ ಜಾರಿತು. "ಹಂಗಾದ್ರೆ ಕಂಟಕ ಎಲ್ಲಿಗೆ ಹೋಯ್ತು?"

ಸತ್ಯ ಹೇಳಿ ಒಬ್ಬ ತಾಯಿಯ ಧೈರ್ಯವನ್ನು ಕಿತ್ತುಕೊಂಡಿದ್ದೆ. ಇಬ್ಬರೂ ಫೋನಿನ ಮುಂದೆ ಕುಳಿತೆವು. ಮುಕ್ಕಾಲು ಗಂಟೆಯ ನಂತರ ಕರೆ ಬಂತು: ಮಗ ಕ್ಷೇಮ.

ಆಕೆ ಕಣ್ಣೊರೆಸಿಕೊಂಡು ತೊಟ್ಟಿಗೆ ಕೈಮುಗಿದರು. "ಇನ್ನೆರಡು ತಂದ್ಕೊಡು ಮಾರಾಯ. ಸಾಯ್ದೇನೇ ಕಂಟಕ ತಗೊಳ್ಳೋ ಮೀನು ಬೇರೆಲ್ಲಿ ಸಿಗತ್ತೆ?"

ಮೂಢನಂಬಿಕೆಯ ವಿರುದ್ಧ ನನ್ನ ಬಳಿ ಬಹಳಷ್ಟು ವಾದಗಳಿವೆ. ಅಂದು ಆರ್ಡರ್ ಬರೆದುಕೊಂಡೆ.