ಬೇಳೆ ಪಾಕೀಟಿನ ಮೇಲೆ ಚಿಗವ್ವನ ಮುಖ

ಖಜೂರಿಯಲ್ಲಿ ನೆಂಟರ ಮನೆಯ ಬಸುರಿಯ ಕುಬಸ ಮುಗಿಸಿಕೊಂಡು ಆಳಂದಕ್ಕೆ ಹಿಂದಿರುಗುವಾಗ, ನೀರಿನ ಬಾಟಲಿ ಕೊಳ್ಳಲೆಂದು ರಸ್ತೆ ಬದಿಯ ದೊಡ್ಡ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದೆ. ಜೊತೆಗಿದ್ದ ಚಿಗವ್ವ, ನನ್ನ ಅವ್ವನ ತಂಗಿ, ಕಾಲು ಸಡಿಲ ಮಾಡಿಕೊಳ್ಳಲು ಒಳಗೆ ಬಂದಳು. ನಾನಿನ್ನೂ ಬಾಟಲಿ ಕೈಗೆತ್ತಿಕೊಂಡಿರಲಿಲ್ಲ, ಅವಳು ಕೂಗಿದ್ದು ಕೇಳಿಸಿತು. ಹಾವು ಕಂಡಿತೇನೋ ಎಂದು ಓಡಿದೆ.

ಬೇಳೆ ಪಾಕೀಟುಗಳ ಸಾಲಿನ ಮುಂದೆ ನಿಂತಿದ್ದಳು. ಪ್ರತಿ ಪಾಕೀಟಿನ ಮೇಲೂ ಅವಳದೇ ಮುಖ. ತಲೆ ಮೇಲೆ ಸೆರಗು, ತೋಳಲ್ಲಿ ತೊಗರಿ ಕಟ್ಟು, ಬಿಸಿಲಿಗೆ ಕಿರಿದಾದ ಕಣ್ಣು. ಮೇಲೆ ದಪ್ಪ ಅಕ್ಷರದಲ್ಲಿ 'ಅಸಲಿ ಕಲಬುರಗಿ ತೊಗರಿ ಬೇಳೆ'.

"ನಾ ಇಲ್ಲಿಗಿ ಹ್ಯಾಂಗ ಬಂದೆಬೇ?" ಎಂದಳು.

ಚಿಗವ್ವ ಕಿಣ್ಣಿ ಸುಲ್ತಾನದಲ್ಲಿ ಒಕ್ಕಲುತನ ಮಾಡುವವಳು. ಹಿಂದಿನ ಸುಗ್ಗಿಯಲ್ಲಿ ಯಾರೋ ಕ್ಯಾಮೆರಾ ಹಿಡಿದು ಹೊಲಕ್ಕೆ ಬಂದಿದ್ದರು. ಪ್ರದರ್ಶನದಲ್ಲಿ ಇಡುತ್ತೇವೆ ಎಂದು ಹೇಳಿ ಫೋಟೊ ತೆಗೆದಿದ್ದರು. ಅವರಿಗೆ ರೊಟ್ಟಿ ಉಣಿಸಿ ಕಳಿಸಿದ್ದಳು.

ನಾನು ಪಾಕೀಟು ತಿರುವಿ ನೋಡಿದೆ. ತಳದಲ್ಲಿ ಇರುವೆ ಗಾತ್ರದ ಅಕ್ಷರ: ಆಮದು ಮಾಡಿದ ತೊಗರಿಯಿಂದ ತಯಾರಿಸಿದ್ದು. ಅದರ ಕೆಳಗೆ ಅಫಜಲಪುರದ ವಿಳಾಸ. ಎರಡೆರಡು ಸಲ ಓದಿಕೊಂಡೆ. ನಂಬಲಾಗಲಿಲ್ಲ.

"ಮಾರಿ ನಂದು, ಹೆಸರು ನಮ್ಮ ಜಿಲ್ಲಾದ್ದು, ಕಾಳು ಪರದೇಶದ್ದು. ಹಿಂಗ ಮಾಡಾಕ ಬರ್ತದೇನು?"

"ಬರೂದಿಲ್ಲ" ಎಂದೆ, ಗಟ್ಟಿಯಾಗಿಯೇ. ಆಳಂದದ ಕೋರ್ಟಿನಲ್ಲಿ ನಾನು ವಕೀಲೆ. ನನ್ನ ಬಳಿ ಬರುವುದು ಹೊಲದ ಗಡಿಯ ತಕರಾರು, ಜೀವನಾಂಶ. ಆದರೂ ಇಷ್ಟು ಗೊತ್ತಿತ್ತು: ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಬೇರೆ ಕಡೆ ಬೆಳೆದ ಕಾಳಿಗೆ ಈ ಹೆಸರು ಹಚ್ಚಿ ಮಾರಿದರೆ ಅಪರಾಧ.

ಮರುದಿನವೇ ಅಫಜಲಪುರಕ್ಕೆ ಹೋದೆವು. ನಾನು ಕೋರ್ಟಿನ ಕರಿ ಕೋಟಿನಲ್ಲೇ ಇದ್ದೆ. ಪಾಕೀಟು ಕಟ್ಟುವ ಶೆಡ್ಡಿನ ಮಾಲೀಕ ಚಿಗವ್ವನನ್ನು ನೋಡಿದ, ಅವಳ ಕೈಯಲ್ಲಿದ್ದ ಪಾಕೀಟು ನೋಡಿದ, ಬಿಳಿಚಿಕೊಂಡ. "ಕೂಡ್ರಿ ಅವ್ವಾರ, ಚಹಾ ತರಸ್ತೀನಿ. ಪಾಕೀಟಿನ ಮ್ಯಾಲಿಂದ ನಿಮ್ಮ ಫೋಟೊ ತಗಸಿಬಿಡ್ತೀನ್ರಿ."

"ಮತ್ತ ಆ ಕಲಬುರಗಿ ಹೆಸರು?" ಎಂದಳು ಚಿಗವ್ವ.

ಅವನು ಸಾವರಿಸಿಕೊಂಡು ಸಣ್ಣಗೆ ನಕ್ಕ. "ಹೆಸರು ನೀವೂ ಹಚ್ಚಾಕ ಬರೂದಿಲ್ರಿ. ಬಳಕೆದಾರರಂತ ನೋಂದಣಿ ಆಗೀರೇನು? ನಿಮ್ಮ ವಕೀಲರಿಗೇ ಕೇಳ್ರಿ."

ಚಿಗವ್ವ ನನ್ನತ್ತ ತಿರುಗಿದಳು. ಅವನು ಕಳ್ಳನಾದರೂ ಆ ಮಾತು ಸುಳ್ಳಲ್ಲ. ಬೆಳೆದ ಮಾತ್ರಕ್ಕೆ ಸಾಲದು, ನೋಂದಾಯಿತ ಬಳಕೆದಾರರಿಗಷ್ಟೇ ಆ ಹೆಸರಿನ ಹಕ್ಕು. ಚಿಗವ್ವನೋ ಓಣಿಯ ಹೆಂಗಸರ ಜೊತೆ ಬೀಸಿ ಮಾರುತ್ತಿದ್ದ ಬೇಳೆ ಚೀಲದ ಮೇಲೆ ಅದೇ ಹೆಸರು ಬರೆಸಿದ್ದಳು.

"ಹೌದು ಚಿಗವ್ವ" ಎಂದೆ.

ಅವಳು ಎದ್ದು ಹೊರಗೆ ಹೋದಳು.

ನಾನು ದೂರು ಕೊಟ್ಟೆ. ಅವಳ ನೋಂದಣಿಗೂ ಅರ್ಜಿ ಹಾಕಿದೆ. ಅಷ್ಟರಲ್ಲಿ ಹೊಸ ಪಾಕೀಟುಗಳು ಬಂದವು. ಹೆಸರು ಅದೇ, ಮುಖ ಬೇರೆ ಹೆಂಗಸಿನದು. ಅದನ್ನು ಕಂಡು ಚಿಗವ್ವ ಹಣೆ ಹಣೆ ಬಡಿದುಕೊಂಡಳು. ಊರೂರು ವಿಚಾರಿಸಿ, ಆಕೆ ಜೇವರ್ಗಿ ಕಡೆಯ ಅಂದೋಲಾದಲ್ಲಿ ತೊಗರಿ ಬೆಳೆಯುವವಳೆಂದು ತಿಳಿದುಕೊಂಡು, ನನ್ನನ್ನೂ ಎಳೆದುಕೊಂಡು ಹೋದಳು.

ಆಕೆ ಬಾಗಿಲಲ್ಲೇ ಪಾಕೀಟು ನೋಡಿ ಕುಸಿದು ಕುಳಿತಳು. "ಫೋಟೊ ತಗದವ್ರು ಸರ್ಕಾರದವ್ರು ಅಂದ್ಕೊಂಡಿದ್ದೆರೀ..."

"ನಾನೂ ಹಂಗೇ ತಿಳಕೊಂಡಿದ್ದೆ. ಏಳ್ರಿ, ನೀವೂ ಅರ್ಜಿ ಹಾಕ್ರಿ" ಎಂದು ಚಿಗವ್ವ ಅವಳ ಕೈ ಹಿಡಿದು ಎಬ್ಬಿಸಿದಳು.

ತನಿಖೆಯವರು ಬಂದು ಶೆಡ್ಡಿನ ಪಾಕೀಟುಗಳನ್ನು ಹೊತ್ತೊಯ್ದರು. ಮೊಕದ್ದಮೆ ಇನ್ನೂ ನಡೆದಿದೆ. ಇಬ್ಬರಿಗೂ ನೋಂದಣಿ ಸಿಕ್ಕಿತು. ಸುದ್ದಿ ಹೇಳಲು ಕಿಣ್ಣಿ ಸುಲ್ತಾನಕ್ಕೆ ಹೋದೆ. "ಇನ್ನ ಮ್ಯಾಲ ನಿನ್ನ ಬ್ಯಾಳಿಗಿ ಕಲಬುರಗಿ ಹೆಸರು ಹಚ್ಚಾಕ ಬರ್ತದ ಚಿಗವ್ವ" ಎಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಚಿಗವ್ವ ಕೇರುತ್ತಿದ್ದ ಮೊರ ಕೆಳಗಿಟ್ಟು, ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ಅಂದ್ರ, ಇಲ್ಲೀತನಕ ನಾ ಬೆಳದದ್ದು ಏನಿತ್ತಬೇ?"