ಸಾವುಕಾರನೋ, ಟೈಲರೋ?

ಒಂದೇ ಜನ್ಮದಲ್ಲಿ ಎರಡು ಬಗೆಯಲ್ಲಿ ಪಾಪರಾಗಿ ದಿವಾಳಿಯೆದ್ದವನು ಕಡಬ ಪೇಟೆಯಲ್ಲಿ ನಾನೊಬ್ಬನೇ ಇರಬೇಕು. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಹೊಲಿಗೆ ಯಂತ್ರದ ಮುಂದೆ ಸುಖವಾಗಿದ್ದವನಿಗೆ ಜವಳಿ ಅಂಗಡಿ ಇಡುವ ಹುಚ್ಚು ಹತ್ತಿತು. ಯಂತ್ರಕ್ಕೆ ಬಟ್ಟೆ ಹೊದೆಸಿ ಮೂಲೆಗೆ ತಳ್ಳಿದೆ. ಜನ ‘ಸಾವುಕಾರ್ರೆ’ ಎಂದು ಕರೆಯುವಾಗ ಎಷ್ಟು ಹಿತವಾಗುತ್ತಿತ್ತೆಂದರೆ, ಹಾಗೆ ಕರೆದವರಿಗೆಲ್ಲ ಬಟ್ಟೆ ಕಡ ಕೊಟ್ಟೆ. ಮೂರು ವರ್ಷದಲ್ಲಿ ಅಂಗಡಿ ನೆಲ ಕಚ್ಚಿತು.

ಮೊದಲನೆಯದು ಕಂತಿನ ಪಾಪರು. ಅಂಗಡಿ ನನ್ನ ಕೈಯಲ್ಲೇ ಇರುವುದು, ಸಾಲ ಕೊಟ್ಟವರಿಗೆ ತಿಂಗಳು ತಿಂಗಳು ಇಷ್ಟಿಷ್ಟು ಕಟ್ಟುವುದು ಎಂದು ಪುತ್ತೂರಿನ ಕೋರ್ಟಿನಲ್ಲಿ ರಾಜಿಯಾಯಿತು. ಮಾನ ಉಳಿಯಿತೆಂದು ಬೀಗಿದೆ. ಆದರೆ ಮಳೆಗಾಲದಲ್ಲಿ ಗಿರಾಕಿಗಳು ಬರಲಿಲ್ಲ, ಕಂತು ಮಾತ್ರ ತಪ್ಪದೆ ಬಂತು. ಇದು ಸಾಗುವ ಸಂಗತಿಯಲ್ಲ, ರಾಜಿ ಬಿಟ್ಟು ಎಲ್ಲವನ್ನೂ ಕೋರ್ಟಿಗೆ ಒಪ್ಪಿಸಿ ಪೂರ್ತಿ ಪಾಪರಾಗಿ, ಸಾಲದಿಂದ ಬಿಡುಗಡೆ ಸಿಗುತ್ತದೆ ಎಂದರು ವಕೀಲರು. ಹೊಲಿಗೆ ಯಂತ್ರವೂ ಹೋಗುವುದೇ ಎಂದು ಕೇಳಿದೆ. ಅದೂ ಹೋದರೆ ಮನೆಯವರ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ವ್ಯಾಪಾರಿಯ ಸಾಮಾನು ಹರಾಜಾಗುತ್ತದೆ, ಕಸುಬಿನವನ ಹತ್ಯಾರನ್ನು ಮುಟ್ಟುವಂತಿಲ್ಲ ಎಂದು ಅವರು ಧೈರ್ಯ ಹೇಳಿದ ಮೇಲೆ ಎರಡನೆಯ ಪಾಪರಿಗೂ ಸಹಿ ಹಾಕಿದೆ.

ಕೋರ್ಟಿನ ಅಮೀನರು ಸಾಮಾನು ಪಟ್ಟಿ ಮಾಡಲು ಬಂದರು. ಜೊತೆಗೆ ನನಗೆ ಎಲ್ಲರಿಗಿಂತ ಹೆಚ್ಚು ಸಾಲ ಕೊಟ್ಟಿದ್ದ ಪುತ್ತೂರಿನ ಜವಳಿ ವ್ಯಾಪಾರಿ ಹಾಜಿಯವರು. ಬಾಗಿಲಲ್ಲಿ ಅರ್ಧ ಪೇಟೆ ನೆರೆದಿತ್ತು. ಸೀರೆ, ಪಂಚೆ ಎಲ್ಲ ಬರೆದಾದ ಮೇಲೆ ಅಮೀನರು ಮೂಲೆಗೆ ಹೋಗಿ ಯಂತ್ರದ ಮೇಲಿನ ಬಟ್ಟೆ ಎತ್ತಿದರು.

“ನೀವು ಎಂತ ಮಾಡುದು? ವ್ಯಾಪಾರವಾ, ಹೊಲಿಗೆಯಾ?”

ಅಷ್ಟು ಜನರೆದುರು ನನ್ನ ಹಾಳು ನಾಲಿಗೆ ಅಭ್ಯಾಸಬಲದಿಂದ “ವ್ಯಾಪಾರ” ಎಂದುಬಿಟ್ಟಿತು. ಅಮೀನರು ಪೆನ್ನು ಕಾಗದಕ್ಕೆ ತಾಗಿಸಿದರು.

ಯಂತ್ರ ಹರಾಜಾದರೆ ಲಾಭವಾಗುತ್ತಿದ್ದುದು ಹಾಜಿಯವರಿಗೇ. ಆದರೂ ಅವರು ಕೈ ಅಡ್ಡ ಹಿಡಿದರು.

“ಬರೀಬೇಡಿ ಅಮೀನರೆ. ಇವನಿಗೆ ವ್ಯಾಪಾರ ಗೊತ್ತಿದ್ರೆ ನನ್ನ ಹಣ ಯಾಕೆ ಮುಳುಗುದು? ಇವ ಟೈಲರೇ.”

ಪೇಟೆಯೆಲ್ಲ ನಕ್ಕಿತು. ಅಮೀನರೂ ನಕ್ಕು ಪಟ್ಟಿ ಮಡಚಿದರು. ನಾನೂ ನಕ್ಕೆ, ಆದರೆ ಕಣ್ಣು ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಸಾಮಾನೆಲ್ಲ ಕೋರ್ಟಿಗೆ ಹೋಗಿ ಖಾಲಿಯಾದ ಅಂಗಡಿಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಹೊರಗಿನಿಂದ ಯಾರೋ ‘ಸಾವುಕಾರ್ರೆ’ ಎಂದು ಕರೆದರು. ನಾನು ತಲೆ ಎತ್ತಲಿಲ್ಲ. ಸ್ವಲ್ಪ ತಡೆದು ಅವರು ‘ಟೈಲರ್ರೆ’ ಎಂದರು.

“ಬನ್ನಿ, ಕೂತ್ಕೊಳ್ಳಿ” ಎಂದೆ.