ಹೇಗೂ ಆ ಕಡೆ ಹೊರಟಿದ್ದೀರಲ್ಲ

ಆ ರಾಜನಿಗೆ ಏಳುನೂರು ಸೈನಿಕರಿದ್ದರು. ನಾನು ಎಣಿಸಿದ್ದಲ್ಲ, ಅವನೇ ಹೇಳಿಕೊಂಡಿದ್ದು. ಕೋಟೆಯಿತ್ತು, ಕೋಟೆಯ ಸುತ್ತ ಕಂದಕವಿತ್ತು, ಸಲಹೆ ಕೊಡಲೆಂದೇ ಗಡ್ಡ ಬಿಟ್ಟುಕೊಂಡ ಮಂತ್ರಿಗಳಿದ್ದರು. ಉತ್ತರದ ಬೆಟ್ಟದಿಂದ ರಾಕ್ಷಸರ ದಂಡು ಇಳಿದು ಬರುತ್ತಿದೆ ಎಂದು ಸುದ್ದಿ ಬಂದಾಗ ಅವನು ಇವರನ್ನೆಲ್ಲ ಬದಿಗಿಟ್ಟ. ಹಿಂದಿನ ದಿನವಷ್ಟೇ ಅರಮನೆಯ ಉಗ್ರಾಣದಲ್ಲಿ ರೊಟ್ಟಿ ಕದಿಯುವಾಗ ಸಿಕ್ಕಿಬಿದ್ದಿದ್ದ ಒಬ್ಬ ಅಪರಿಚಿತನನ್ನು ಸೆರೆಮನೆಯಿಂದ ಕರೆಸಿ, ರಾಜ್ಯವನ್ನು ಉಳಿಸುವ ಜವಾಬ್ದಾರಿಯನ್ನು ಅವನಿಗೆ ವಹಿಸಿದ. ಜೊತೆಗೆ ಒಂದು ತುಕ್ಕು ಹಿಡಿದ ಕತ್ತಿಯನ್ನೂ ಕೊಟ್ಟ. ಸೈನಿಕರ ಬಳಿ ಫಳಫಳ ಹೊಳೆಯುವ ಕತ್ತಿಗಳಿದ್ದವು. ಅವು ಬಹುಶಃ ಆಯುಧಪೂಜೆಗೆ ಮೀಸಲು.

ಇದೆಲ್ಲ ನಡೆದದ್ದು ದೆಹಲಿಯ ಪೀತಮ್‌ಪುರದ ನಮ್ಮ ಮನೆಯ ಟೀವಿಯಲ್ಲಿ. ಮಗಳು ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ವಾರವೆಲ್ಲ ಅಲ್ಲೇ ಪಿಜಿಯಲ್ಲಿದ್ದು ಶನಿವಾರ ಮನೆಗೆ ಬರುತ್ತಾಳೆ. ಕಳೆದ ಚಳಿಗಾಲದ ಶುರುವಿನಲ್ಲಿ ಅವಳು ವಿಡಿಯೊ ಗೇಮ್ ಆಡುವ ಯಂತ್ರವೊಂದನ್ನು ತಂದು ಟೀವಿಗೆ ಜೋಡಿಸಿದಳು. ಭಾನುವಾರ ಊಟವಾದ ಮೇಲೆ ಅವಳು ಆಡುವುದು, ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕುವುದು, ನನ್ನ ಹೆಂಡತಿ ಬಟಾಣಿ ಸುಲಿಯುವುದು ರೂಢಿಯಾಯಿತು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷ ಫೈಲು ನೋಡಿದವನು ನಾನು. ನಮ್ಮಲ್ಲಿ ಕಿಟಕಿಯ ಪರದೆ ಬದಲಾಯಿಸಲು ಮೂರು ಸಹಿ ಬೇಕು, ತಿಂಗಳ ಮಟ್ಟಿಗೆ ಒಬ್ಬ ಡ್ರೈವರನ್ನು ಇಟ್ಟುಕೊಳ್ಳಲು ಪೊಲೀಸ್ ವೆರಿಫಿಕೇಶನ್ ಆಗಬೇಕು. ಇಲ್ಲಿ ಒಂದಿಡೀ ರಾಜ್ಯವನ್ನು ರೊಟ್ಟಿ ಕಳ್ಳನ ಕೈಗೆ ಕೊಡುತ್ತಿದ್ದರು, ಫೈಲಿನಲ್ಲಿ ಆಕ್ಷೇಪಣೆ ಬರೆಯಲು ಒಬ್ಬ ಗುಮಾಸ್ತನೂ ಇರಲಿಲ್ಲ.

ರಾಜನ ವಿಷಯ ಬಿಡಿ, ಅವನ ರಾಜ್ಯದಲ್ಲಿ ತಲೆ ನೆಟ್ಟಗಿದ್ದವರು ಯಾರೂ ನನಗೆ ಕಾಣಲಿಲ್ಲ. ಬಾಗಿಲಲ್ಲೇ ಮನುಷ್ಯರ ಎಲುಬು ಬಿದ್ದಿರುವ ಗವಿ ಕಂಡರೆ ನಮ್ಮ ನಾಯಕ, ಅಂದರೆ ಆ ರೊಟ್ಟಿ ಕಳ್ಳ, ಒಳಗೇನಿರಬಹುದು ಎಂದು ತನ್ನಷ್ಟಕ್ಕೆ ಕೇಳಿಕೊಂಡು ಒಳಗೆ ಹೋಗುತ್ತಿದ್ದ. ಯಾರದೋ ಗೋರಿಯಲ್ಲಿ ಸಿಕ್ಕ ಸೀಸೆಯ ಬಿರಡೆ ತೆಗೆದು ಗಟಗಟ ಕುಡಿಯುತ್ತಿದ್ದ. ಜೊತೆಗಾರನಾಗಿ ಬಂದ ಒಬ್ಬ ಮೀಸೆಯವನು, ತಾನು ಈಗಾಗಲೇ ಇಬ್ಬರು ಯಜಮಾನರಿಗೆ ಕೈಕೊಟ್ಟು ಬಂದವನೆಂದು ನಗುನಗುತ್ತ ಹೇಳಿಕೊಂಡ. ನಾಯಕ ಅವನ ಪ್ರಾಮಾಣಿಕತೆಗೆ ಮೆಚ್ಚಿ ಕೋಟೆಯ ಬೀಗದಕೈ ಕೊಟ್ಟ. ಮೂರನೆಯ ದಿನ ಮೀಸೆಯೂ ಇಲ್ಲ, ಬೀಗದಕೈಯೂ ಇಲ್ಲ, ನಾಯಕನಿಗೆ ಪರಮಾಶ್ಚರ್ಯ. ಇನ್ನು ರಹಸ್ಯವನ್ನೆಲ್ಲ ಮೊದಲಿನಿಂದ ಬಲ್ಲ ಒಬ್ಬ ಮುದುಕನಿದ್ದ. ಅದನ್ನು ಹೇಳಲು ಅವನು ಎದೆಗೆ ಬಾಣ ನಾಟುವವರೆಗೆ ಕಾದು, ವಾಕ್ಯದ ಅರ್ಧಕ್ಕೇ ಪ್ರಾಣ ಬಿಟ್ಟ.

ನನ್ನ ಟೀಕೆ ಕೇಳಿ ಕೇಳಿ ಮಗಳಿಗೆ ಸಾಕಾಯಿತು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಸಿಟ್ಟು ಬಂದರೆ ಅವಳ ಕನ್ನಡ ಹಿಂದಿಗೆ ಜಾರುತ್ತದೆ. "ಚಲೋ ಅಪ್ಪಾ, ಆಪ್ ಹೀ ಖೇಲೋ. ನಾನು ನೋಡ್ತೀನಿ," ಎಂದು ಆಟ ನಡೆಸುವ ಕಂಟ್ರೋಲರನ್ನು ನನ್ನ ಕೈಗೆ ತುರುಕಿದಳು.

ನಾಯಕನಿಗೆ ಇದ್ದದ್ದು ಒಂದೇ ಮುಖ್ಯ ಕೆಲಸ. ರಾಕ್ಷಸರನ್ನು ಕಳಿಸಿದ ಮಾಂತ್ರಿಕನೇ ನಾಯಕನ ತಂಗಿಯನ್ನು ಬೆಟ್ಟದ ಮೇಲಿನ ಗೋಪುರದಲ್ಲಿ ಕೂಡಿಹಾಕಿದ್ದ. ಶಾಪದಿಂದ ಅವಳು ಪಾದದಿಂದ ಮೇಲಕ್ಕೆ ಕಲ್ಲಾಗುತ್ತಿದ್ದಳು, ಆಗಲೇ ಮೊಣಕಾಲಿನವರೆಗೆ ಬಂದಿತ್ತು. ಬೇಗ ಬಾ ಎಂದು ಆಟದ ಆರಂಭದಲ್ಲೇ ಅವಳು ಕೂಗಿದ್ದಳು. ಅಲ್ಲಿಗೆ ಹೋಗಲು ನೇರ ದಾರಿಯಿತ್ತು. ಈ ದಡ್ಡರಿಗೆಲ್ಲ ಒಂದು ಪಾಠ ಕಲಿಸುತ್ತೇನೆಂದು ನಾನು ನೇರ ದಾರಿಯನ್ನೇ ಹಿಡಿದೆ.

ಮೊದಲ ಹಳ್ಳಿಯ ಬಾಗಿಲಲ್ಲೇ ಒಬ್ಬ ಅಜ್ಜಿ ತಡೆದಳು. ಅವಳ ಕೋಳಿ ಕಳೆದುಹೋಗಿತ್ತು. ಹೇಗೂ ಆ ಕಡೆ ಹೊರಟಿದ್ದೀಯಲ್ಲ, ಸ್ವಲ್ಪ ನೋಡು ಎಂದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ಅಪ್ಪಟ ಕನ್ನಡದಲ್ಲಿ. ನಾಯಕ ಕೊಡಬಹುದಾದ ಉತ್ತರಗಳು ಪರದೆಯ ಮೇಲೆ ಮೂರು ಸಾಲಿನಲ್ಲಿ ಮೂಡಿದವು: ಆಗಲಿ, ಈಗ ಸಮಯವಿಲ್ಲ, ತೊಲಗಾಚೆ. ಐವತ್ತನಾಲ್ಕು ವರ್ಷದ ಬಾಳಿನಲ್ಲಿ ನಾನು ಯಾರಿಗೂ ಎರಡನೆಯ ಉತ್ತರ ಕೊಟ್ಟವನಲ್ಲ, ಮೂರನೆಯದಂತೂ ದೂರದ ಮಾತು. ಬೆಟ್ಟದ ಮೇಲೆ ರಾಕ್ಷಸರು ಹಚ್ಚಿದ ಬೆಂಕಿ ಕಾಣುತ್ತಿತ್ತು, ನಾನು ಬೇಲಿ ಹಾರಿ ಕೋಳಿ ಹಿಡಿಯುತ್ತಿದ್ದೆ.

ಕೋಳಿ ಕೊಟ್ಟ ಮೇಲೆ, ಹೇಗೂ ಸಂತೆಬೀದಿ ಹಾದು ಹೋಗುತ್ತೀಯಲ್ಲ ಎಂದು ಅಜ್ಜಿ ಕಮ್ಮಾರನಿಗೆ ಒಂದು ಗಂಟು ಕಳಿಸಿದಳು. ಕಮ್ಮಾರನಿಗೆ ನದಿಯಾಚೆ ಒಬ್ಬ ಭಾವಮೈದುನನಿದ್ದ, ಅವನಿಗೊಂದು ಕಾಗದ. ಭಾವಮೈದುನನಿಗೆ ಹೊಟ್ಟೆನೋವು, ಅದಕ್ಕೆ ಕಾಡಿನ ನೀಲಿ ಅಣಬೆ ಬೇಕು. ಮಗಳು ತಲೆ ಚಚ್ಚಿಕೊಂಡಳು. ಇವೆಲ್ಲ ಸೈಡ್ ಕ್ವೆಸ್ಟ್‌ಗಳು, ದಾರಿಯ ಪಕ್ಕದ ಉಪಕೆಲಸಗಳು, ಬಿಟ್ಟರೂ ಆಟಕ್ಕೇನೂ ಆಗುವುದಿಲ್ಲ ಎಂದು ವಿವರಿಸಿದಳು. ಪಾಪ, ಹೊಟ್ಟೆನೋವಂತೆ ಎಂದು ನಾನು ಅಣಬೆ ಹುಡುಕಲು ಕಾಡಿಗೆ ಹೋದೆ.

ಅಣಬೆ ಕೀಳುತ್ತಿದ್ದಾಗಲೇ ನನ್ನ ಫೋನು ರಿಂಗಾಯಿತು. ನನಗೆ ಬರುವ ಕರೆಗಳಲ್ಲಿ ಬಹುಪಾಲು ಶುರುವಾಗುವುದು ಈ 'ಹೇಗೂ'ವಿನಿಂದಲೇ. ಹೇಗೂ ನೀವು ದೆಹಲಿಯಲ್ಲಿದ್ದೀರಲ್ಲ, ಮಗನಿಗೆ ಮುನಿರ್ಕಾದಲ್ಲಿ ಒಂದು ಕೋಣೆ ನೋಡಿ. ಹೇಗೂ ಮೆಟ್ರೊದಲ್ಲಿ ಓಡಾಡ್ತೀರಲ್ಲ, ನಮ್ಮವರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬನ್ನಿ. ಹೇಗೂ ಮಿನಿಸ್ಟ್ರಿಯಲ್ಲೇ ಇದ್ದೀರಲ್ಲ, ಅಂದರೆ ಮಂತ್ರಿಗಳ ಮೊಣಕೈ ಪಕ್ಕದಲ್ಲೇ ನನ್ನ ಕುರ್ಚಿ ಎಂಬುದು ಅವರ ನಂಬಿಕೆ. ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆ. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಯಾವ ಕೌಂಟರು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ಕಟ್ಟಡದಿಂದ ಯಾವ ಕಟ್ಟಡಕ್ಕೆ ಒಳದಾರಿ ಇದೆ ಎಂಬುದೆಲ್ಲ ನನಗೆ ಬಾಯಿಪಾಠ. ಹೃದಯ, ಮೂತ್ರಪಿಂಡ, ಮಂಡಿಚಿಪ್ಪು, ಊರಿನ ಎಲ್ಲ ಅಂಗಾಂಗಗಳನ್ನೂ ನಾನು ಅಲ್ಲಿ ಸಾಲಿನಲ್ಲಿ ನಿಲ್ಲಿಸಿದ್ದೇನೆ. ಎಷ್ಟು ಒಳ್ಳೆಯವರು ಎಂದು ಜನ ಹೇಳಿದಾಗ ನನಗೆ ಖುಷಿಯಾಗುತ್ತಿತ್ತು, ಇದನ್ನು ಮುಚ್ಚಿಡುವುದಿಲ್ಲ. ಆವತ್ತು ಕರೆ ಮಾಡಿದವನು ನನ್ನ ದೊಡ್ಡಪ್ಪನ ಮಗ. ಅವನ ಮಾವನವರಿಗೆ ಎದೆನೋವು, ದೆಹಲಿಗೆ ಕಳಿಸುತ್ತಿದ್ದ.

ಮಾವನವರು ಬಂದಿಳಿದ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ತನ್ನ ಅಕ್ಕನ ಜೊತೆ ಮಾತಾಡುತ್ತಿದ್ದಳು. ಬಲಗೈ ಸೌಟಿಗೆ ಬೇಕಾದ್ದರಿಂದ ಅವಳು ಫೋನನ್ನು ಯಾವಾಗಲೂ ಎಡಗಿವಿಗೇ ಹಿಡಿಯುವವಳು. ಇದ್ದಕ್ಕಿದ್ದಂತೆ ಹಲೋ ಹಲೋ ಎಂದು, ಫೋನು ಕೆಟ್ಟಿದೆ ನೋಡಿ ಎಂದು ನನಗೆ ಕೊಟ್ಟಳು. ನಾನು ಅದನ್ನು ಜೇಬಿಗಿಳಿಸಿ ಸಂಜೆ ಮಾರ್ಕೆಟ್ಟಿನ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಭಯ್ಯಾ ಹಾಡು ಹಾಕಿ ನೋಡಿ, ಏನೂ ಆಗಿಲ್ಲ, ಚೆನ್ನಾಗಿದೆ ಎಂದ. ಮನೆಗೆ ಬಂದು ಹೇಳಿದರೆ ಅವಳು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿ, ಹಾಗಾದರೆ ಕೆಟ್ಟಿರುವುದು ನನ್ನ ಕಿವಿಯೇ ಎಂದಳು. ಎಡಗಿವಿಯಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಹೇಗೂ ಗುರುವಾರ ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಲ್ಲ, ನಿನ್ನದೂ ಅಲ್ಲೇ ತೋರಿಸಿಬಿಡೋಣ."

ಗುರುವಾರ ಮೂವರೂ ಹೋದೆವು. ಮಾವನವರ ಇಸಿಜಿ, ರಕ್ತ, ಎಕ್ಸ್‌ರೇ ಎಂದು ನಾನು ಓಡಾಡಿದೆ. ಅವಳು ಬೆಂಚಿನ ಮೇಲೆ ಅವರ ಸ್ವೆಟರು, ಮಫ್ಲರು, ಫೈಲು ಹಿಡಿದು ಕೂತಿದ್ದಳು. ನಮ್ಮ ಕೆಲಸ ಮುಗಿಯುವಷ್ಟರಲ್ಲಿ ಕಿವಿಯ ವಿಭಾಗದಲ್ಲಿ ಚೀಟಿ ಕೊಡುವ ಹೊತ್ತು ಮೀರಿತ್ತು. ಮುಂದಿನ ವಾರ ಅವರದೇ ಇನ್ನೊಂದು ಪರೀಕ್ಷೆ. ಮೊದಲು ಅವರದು ಮುಗಿಯಲಿ, ಪಾಪ ಅಷ್ಟು ದೂರದಿಂದ ಬಂದಿದ್ದಾರೆ ಎಂದು ಅವಳೂ ಹೇಳಿದಳು. ಅವಳು ಹೇಳಿದ್ದು ನನಗೆ ಅನುಕೂಲವಾಗಿಯೇ ಇತ್ತು. ಮೂರನೆಯ ವಾರ ಅವರನ್ನು ರೈಲು ಹತ್ತಿಸಿ, ಅದೇ ರೈಲ್ವೆ ಸ್ಟೇಷನ್ನಿನಿಂದ ಆಗ್ರಾ ನೋಡಲು ಬಂದ ನಮ್ಮ ಹಳೆಯ ಪಕ್ಕದ ಮನೆಯವರನ್ನು ಕರೆತಂದೆ. ಅವಳು ಕಿವಿಗೆ ಬೆಚ್ಚನೆಯ ಎಣ್ಣೆ ಬಿಟ್ಟುಕೊಂಡು, ಹತ್ತಿ ಇಟ್ಟುಕೊಂಡು, ಚಳಿಗೆ ಹೀಗಾಗಿರಬೇಕು ಎಂದುಕೊಂಡು ಅವರಿಗೂ ಪೂರಿ ಕರಿದಳು.

ಕೊನೆಗೆ ಅವಳೊಬ್ಬಳಿಗಾಗಿಯೇ ಆಸ್ಪತ್ರೆಗೆ ಹೋದ ದಿನ ಗೇಟಿನ ಕಾವಲುಗಾರ ನನ್ನನ್ನು ಗುರುತು ಹಿಡಿದು ನಮಸ್ತೆ ಹೇಳಿದ. ಇವತ್ತು ಯಾರನ್ನು ಕರೆತಂದಿರಿ ಬಾಬೂಜಿ, ಎಂದು ಕೇಳಿದ. ಮನೆಯವರನ್ನು ಎಂದು ಹೇಳಲು ನನಗೆ ನಾಚಿಕೆಯಾಯಿತು.

ಪರೀಕ್ಷೆ ಮಾಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಷ್ಟು ದಿನವಾಯಿತು ಎಂದಳು. ಇಪ್ಪತ್ತಮೂರು ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿ, ನೀವು ದೆಹಲಿಯಿಂದ ಬಹಳ ದೂರದವರೇ ಎಂದು ವಿಚಾರಿಸಿದಳು. ಹೀಗೆ ಹಠಾತ್ತಾಗಿ ಕಿವುಡು ಬಂದರೆ ಮೊದಲ ಕೆಲವು ದಿನಗಳಲ್ಲೇ ಔಷಧಿ ಶುರುವಾಗಬೇಕಂತೆ. ಆಗಲೂ ಖಾತ್ರಿ ಹೇಳಲಾಗದು, ಆದರೆ ಅವಕಾಶವಿರುತ್ತಿತ್ತಂತೆ. ಆದರೂ ಮಾತ್ರೆ ಬರೆದುಕೊಟ್ಟಳು. ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿದಾಗ ಎಡಗಿವಿ ಹಾಗೇ ಇತ್ತು, ಇನ್ನು ಹಾಗೇ ಇರುತ್ತದೆ ಎಂದಳು.

ಮಗಳಿಗೆ ನಾವು ಇದನ್ನೆಲ್ಲ ತಡವಾಗಿ ಹೇಳಿದೆವು. ಕಾರ್ಖಾನೆಯಲ್ಲಿ ಕೆಲಸದ ಒತ್ತಡ, ಸುಮ್ಮನೆ ಗಾಬರಿಯಾಗುತ್ತಾಳೆ ಎಂಬುದು ನಮ್ಮ ನೆಪ. ಶನಿವಾರ ಬಂದವಳು ಬ್ಯಾಗನ್ನೂ ಇಳಿಸದೆ ಅಮ್ಮನ ವರದಿಗಳನ್ನು ಒಂದೊಂದಾಗಿ ಓದಿದಳು. ತಾರೀಖುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಅಪ್ಪಾ, ಅಮ್ಮ ಸೈಡ್ ಕ್ವೆಸ್ಟ್ ಥೀ ಕ್ಯಾ?"

ಅವಳು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅಮ್ಮ ಉಪಕೆಲಸವಾಗಿದ್ದಳೇ ಎಂದಷ್ಟೇ ಕೇಳಿದ್ದಳು. ಒಂದು ರಾಜ್ಯದ ದಡ್ಡರನ್ನೆಲ್ಲ ಸೋಫಾದ ಮೇಲಿಂದ ತರಾಟೆಗೆ ತೆಗೆದುಕೊಂಡವನು ನಾನು. ಎಲುಬು ಬಿದ್ದ ಗವಿಗೆ ನುಗ್ಗಿದವನನ್ನು ನೋಡಿ ನಕ್ಕವನು. ಹೆಂಡತಿಯ ಕಿವಿ ಹೋದರೆ ಫೋನನ್ನು ರಿಪೇರಿಗೆ ಒಯ್ದ ನಾಯಕ ಯಾವ ಆಟದಲ್ಲೂ ಇರಲಿಕ್ಕಿಲ್ಲ.

ಮರುದಿನ ಮಗಳು ಮಧ್ಯಾಹ್ನವೇ ಮಾನೇಸರ್‌ಗೆ ಹೊರಟುಹೋದಳು. ಮನೆಯಲ್ಲಿ ನಾವಿಬ್ಬರೇ. ಏನು ಮಾಡಬೇಕೆಂದು ತೋಚದೆ ನಾನು ಆಟ ಹಾಕಿದೆ. ನಾಯಕ ಎರಡು ತಿಂಗಳ ಹಿಂದೆ ಬಿಟ್ಟಲ್ಲೇ, ಕೈಯಲ್ಲಿ ಅಣಬೆ ಹಿಡಿದು ಕಾಡಿನಲ್ಲಿ ನಿಂತಿದ್ದ. ದಾರಿಯಲ್ಲಿ ಸಿಕ್ಕವರು ಸಾಕಷ್ಟು ಜನ. ಒಬ್ಬಳ ಕುರಿ ಕಳೆದಿತ್ತು, ಒಬ್ಬನಿಗೆ ಅವನ ಅಣ್ಣನ ಮೇಲೆ ಸಿಟ್ಟಿತ್ತು. ಎಲ್ಲರಿಗೂ 'ಈಗ ಸಮಯವಿಲ್ಲ' ಎಂಬ ಎರಡನೆಯ ಉತ್ತರ ಒತ್ತಿದೆ. ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ, ಸುಮ್ಮನೆ ತಲೆಯಾಡಿಸಿ ಹೋದರು. ಅಷ್ಟು ಸುಲಭವಿತ್ತು. ಅರ್ಧ ಗಂಟೆಯಲ್ಲಿ ಗೋಪುರ ಮುಟ್ಟಿದೆ.

ತಂಗಿ ಅಲ್ಲೇ ನಿಂತಿದ್ದಳು. ಮೊಣಕಾಲಿನಿಂದ ಮೇಲೆ ಒಂದಂಗುಲವೂ ಕಲ್ಲಾಗಿರಲಿಲ್ಲ. ಇಷ್ಟು ದಿನ ಶಾಪವೂ ಕಾದಿತ್ತು, ಮಾಂತ್ರಿಕನೂ ಕಾದಿದ್ದ, ಬೆಟ್ಟದಿಂದ ಇಳಿಯುತ್ತಿದ್ದ ರಾಕ್ಷಸರೂ ಅದೇ ತಿರುವಿನಲ್ಲಿ ಕಾದು ನಿಂತಿದ್ದರು. ನಾಯಕನನ್ನು ಕಂಡು ಅವಳು ಕಣ್ಣೀರು ಹಾಕುತ್ತ ಏನೋ ಹೇಳಿದಳು.

ಅವಳು ಏನಂದಳು ಎಂದು ನನ್ನ ಹೆಂಡತಿ ಪಕ್ಕದಿಂದ ಕೇಳಿದಳು. ಸರಿಯಾದ ಸಮಯಕ್ಕೇ ಬಂದೆ ಅಣ್ಣಾ ಅಂದಳು, ಎಂದೆ. ಹೆಂಡತಿ ಒಂದು ಕ್ಷಣ ಟೀವಿ ನೋಡಿ, ಒಳ್ಳೆ ಹುಡುಗಿ ಎಂದು ಮತ್ತೆ ಬಟಾಣಿಯ ತಟ್ಟೆಯ ಕಡೆ ಬಗ್ಗಿದಳು.

ನಾನು ಆಟ ನಿಲ್ಲಿಸಿದೆ. ತಪ್ಪಾಯ್ತು, ಆವತ್ತೇ ಎಲ್ಲ ಬಿಟ್ಟು ನಿನ್ನನ್ನು ಕರೆದುಕೊಂಡು ಹೋಗಬೇಕಿತ್ತು ಎಂದು ಹೇಳಿದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಅವಳಿಗೆ ತಪ್ಪಾಯ್ತು ಎಂದು ಹೇಳಿದ್ದು ಅದೇ ಮೊದಲು. ಅವಳು ತಲೆಯೆತ್ತಲಿಲ್ಲ, ಬಟಾಣಿಯ ಸಿಪ್ಪೆ ಬಿಡಿಸುತ್ತಲೇ ಇದ್ದಳು. ಆಮೇಲೆ ಹೊಳೆಯಿತು, ನಾನು ಕೂತದ್ದು ಅವಳ ಎಡಗಡೆ. ಎದ್ದೆ. ಸಿಪ್ಪೆಯ ಬುಟ್ಟಿ ಸರಿಸಿ ಅವಳ ಬಲಗಡೆಗೆ ಹೋಗಿ ಕೂತೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು, ಆದರೂ ಅದೇ ಮಾತನ್ನು ಪೂರ್ತಿಯಾಗಿ ಹೇಳಿದೆ.

ಅವಳು ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದಳು.

"ಮೊದಲನೇ ಸಲಾನೇ ಕೇಳಿಸ್ತು," ಎಂದಳು. "ಎದ್ದು ಈ ಕಡೆ ಬರ್ತೀರೋ ಇಲ್ವೋ ಅಂತ ನೋಡ್ತಿದ್ದೆ."